ಟ್ವೆಂಟೆಯ ವೆಬ್‌ಎಸ್‌ಡಿಆರ್: ಬ್ರೌಸರ್‌ನಲ್ಲೇ ಶಾರ್ಟ್‌ವೇವ್

ನೆದರ್ಲೆಂಡ್ಸ್‌ನ ಟ್ವೆಂಟೆ ವಿಶ್ವವಿದ್ಯಾಲಯದಲ್ಲಿರುವ ವೆಬ್‌ಎಸ್‌ಡಿಆರ್ (ಅಂತರ್ಜಾಲದ ಮೂಲಕ ಕೇಳಬಹುದಾದ ರೇಡಿಯೊ ರಿಸೀವರ್) ಈಗ ನನ್ನ ರಾತ್ರಿಗಳ ಸಂಗಾತಿ. ಆಂಟೆನಾ ಅಲ್ಲಿ, ಕಿವಿ ಇಲ್ಲಿ. ಸುಮಾರು 29 ಮೆಗಾಹರ್ಟ್ಸ್‌ವರೆಗಿನ ಸಂಕೇತಗಳನ್ನು ಪುಕ್ಕಟೆಯಾಗಿ ಕೇಳಬಹುದು. ಎಷ್ಟೋ ಜನ ಒಟ್ಟಿಗೆ ಬಂದರೂ ಅವರವರಿಗೆ ಬೇಕಾದ ಆವರ್ತನ ಅವರವರಿಗೇ.

ನನಗೆ ಅಚ್ಚುಮೆಚ್ಚು 77.5 ಕಿಲೊಹರ್ಟ್ಸ್‌ನಲ್ಲಿ ಬರುವ ಜರ್ಮನಿಯ ಸಮಯ ಸಂಕೇತ, ಡಿಸಿಎಫ್ 77. ಸಿಡಬ್ಲ್ಯು (ಮೋರ್ಸ್ ಸಂಕೇತ ಕೇಳುವ ವಿಧಾನ) ಗುಂಡಿ ಒತ್ತಿ ಕಿವಿಗೊಟ್ಟರೆ ಸೆಕೆಂಡಿಗೊಮ್ಮೆ ಸ್ವರ ಕುಗ್ಗುತ್ತದೆ: 0.1 ಸೆಕೆಂಡ್ ಕುಗ್ಗಿದರೆ ಸೊನ್ನೆ, 0.2 ಆದರೆ ಒಂದು. ನಿಮಿಷದ ಕೊನೆಯ ಸೆಕೆಂಡಿನಲ್ಲಿ ಮಾತ್ರ ಕುಗ್ಗುವುದಿಲ್ಲ. ಹೊಸ ನಿಮಿಷ ಬರುತ್ತಿದೆ ಎಂಬುದರ ಸೂಚನೆ ಅದೇ. ಪೆನ್ನು ಹಿಡಿದು ಸೊನ್ನೆ-ಒಂದುಗಳನ್ನು ಬರೆದುಕೊಂಡು, ಅದರಿಂದ ಗಂಟೆ, ನಿಮಿಷ ಬಿಡಿಸಿದಾಗ ಆದ ಖುಷಿ ಎಷ್ಟೆಂದು ಹೇಳಲಿ!

ಹ್ಯಾಮ್‌ಗಳ, ಅಂದರೆ ಹವ್ಯಾಸಿ ರೇಡಿಯೊದವರ ಮಾತುಕತೆಗೆ 7 ಮೆಗಾಹರ್ಟ್ಸ್‌ನಲ್ಲಿ ಎಲ್‌ಎಸ್‌ಬಿ (ಲೋವರ್ ಸೈಡ್‌ಬ್ಯಾಂಡ್ ಎಂಬ ಧ್ವನಿ ವಿಧಾನ) ಆರಿಸಿ. ಸಂಕೇತಗಳು ಪರದೆಯ ಮೇಲೆ ಹರಿಯುವಂತೆ ಕಾಣುವ ವಾಟರ್‌ಫಾಲ್ ಚಿತ್ರವನ್ನು ದೊಡ್ಡ ಪರದೆಯಲ್ಲೇ ನೋಡಿ. ಭೌತಶಾಸ್ತ್ರ ಕಲಿಸುವ ಮೇಷ್ಟ್ರುಗಳು ಇದನ್ನು ತರಗತಿಯಲ್ಲಿ ಖಂಡಿತ ತೋರಿಸಬೇಕು.