ಶಿರಸಿಯ ‘ಕಾಲ ಮತ್ತು ಕೆಲಸ’ ಟಿಪ್ಪಣಿ: ಲ.ಸಾ.ಅ. ಸಲೀಸು, ಎಕ್ಸ್ ಬಂದಲ್ಲಿ ಮುಗ್ಗರಿಕೆ

ಶಿರಸಿ ಹಳೇ ಬಸ್ ನಿಲ್ದಾಣದ ಆಸುಪಾಸಿನ ಝೆರಾಕ್ಸ್ ಅಂಗಡಿಗಳಲ್ಲಿ ಸ್ಪೈರಲ್ ಹಾಕಿ ಮಾರುವ ಗಣಿತದ ಟಿಪ್ಪಣಿ ಇದು; ಇಷ್ಟು ಜನಕ್ಕೆ ಒಂದು ಕೆಲಸ ಮುಗಿಸಲು ಎಷ್ಟು ದಿನ ಎಂಬಂಥ ಲೆಕ್ಕಗಳದ್ದು. ಬರೆಸಿದ್ದು ಊರಿನದೇ ಒಂದು ತರಬೇತಿ ಕೇಂದ್ರ. 64 ಪುಟ, 90 ರೂಪಾಯಿ. ಎಫ್‌ಡಿಎ, ಎಸ್‌ಡಿಎ, ಪಿಡಿಒ ಮುಂತಾದ ಸರ್ಕಾರಿ ನೌಕರಿಯ ಪರೀಕ್ಷೆಗೆ ಕೂರುವವರಿಗೆಂದು ಮಾಡಿದ್ದಾದರೂ ಎಸ್ಸೆಸ್ಸೆಲ್ಸಿ ಮಕ್ಕಳೂ ಕೊಳ್ಳುತ್ತಾರೆ. ಮೊದಲಿನವರಿಗೆ ಕೊಟ್ಟ ದುಡ್ಡಿಗೆ ಮೋಸವಿಲ್ಲ. ಮಕ್ಕಳಿಗೆ ಕೊಡಿಸುವವರು ಮಾತ್ರ ಸ್ವಲ್ಪ ತಡೆದು ನೋಡಬೇಕು.

ಟಿಪ್ಪಣಿಯ ಬಲ ಇರುವುದು ಲ.ಸಾ.ಅ. (ಲಘುತಮ ಸಾಮಾನ್ಯ ಅಪವರ್ತ್ಯ, ಅಂದರೆ ಕೊಟ್ಟ ಸಂಖ್ಯೆಗಳೆಲ್ಲದರಿಂದ ನಿಶ್ಶೇಷವಾಗಿ ಭಾಗವಾಗುವ ಅತಿ ಚಿಕ್ಕ ಸಂಖ್ಯೆ) ಪದ್ಧತಿಯಲ್ಲಿ. ಒಂದು ರಾಶಿ ಅಡಿಕೆ ಸುಲಿಯಲು ಗಣಪತಿಗೆ 12 ದಿನ, ಮಂಜನಿಗೆ 18 ದಿನ ಬೇಕು ಎಂದಿಟ್ಟುಕೊಳ್ಳಿ. 12 ಮತ್ತು 18ರ ಲ.ಸಾ.ಅ. 36. ಇಡೀ ಕೆಲಸವನ್ನೇ 36 ಪಾಲು ಎಂದು ಹಿಡಿದರೆ ಗಣಪತಿಯದು ದಿನಕ್ಕೆ 3 ಪಾಲು, ಮಂಜನದು 2. ಇಬ್ಬರೂ ಕೂತರೆ ದಿನಕ್ಕೆ 5, ಒಟ್ಟು 36/5, ಅಂದರೆ 7⅕ ದಿನ. ಭಿನ್ನರಾಶಿ ಬರುವುದು ಕಡೆಗೆ ಒಂದೇ ಸಲ. 1/12 + 1/18 ಎಂದು ಛೇದ ಸಮ ಮಾಡುತ್ತ ಕೂರುವವರಿಗಿಂತ ಇದು ಬೇಗ ಮುಗಿಯುತ್ತದೆ, ತಪ್ಪೂ ಕಡಿಮೆ. ಕೂಲಿ ಹಂಚುವ ಲೆಕ್ಕಕ್ಕೂ ಇದೇ 3:2 ಸಾಕು. 9,000 ರೂಪಾಯಿಯಲ್ಲಿ ಗಣಪತಿಗೆ 5,400, ಮಂಜನಿಗೆ 3,600. ದಿನಗಳ ಅನುಪಾತವನ್ನೇ ಹಿಡಿದು 12:18 ಎಂದು ಹಂಚಿದರೆ ಚುರುಕಿನವನಿಗೇ ಕಡಿಮೆ ಕೂಲಿ ಸಿಗುತ್ತದೆ. ಟಿಪ್ಪಣಿ ಈ ತಪ್ಪನ್ನು ದಪ್ಪಕ್ಷರದಲ್ಲಿ ತೋರಿಸಿದೆ.

ಉತ್ತರ ಸರಿಯೋ ಎಂದು ಒರೆ ಹಚ್ಚುವ ದಾರಿಯನ್ನು ಮಾತ್ರ ಎಲ್ಲೂ ಹೇಳಿಲ್ಲ. ಇಬ್ಬರು ಕೂಡಿ ಮಾಡಿದಾಗ ಹಿಡಿಯುವ ಸಮಯ ಚಿಕ್ಕ ಸಂಖ್ಯೆಯ ಅರ್ಧಕ್ಕಿಂತ ಹೆಚ್ಚು, ದೊಡ್ಡದರ ಅರ್ಧಕ್ಕಿಂತ ಕಡಿಮೆ ಇರಲೇಬೇಕು. ಮೇಲಿನ ಲೆಕ್ಕದಲ್ಲಿ 6 ಮತ್ತು 9ರ ನಡುವೆ. ಆಯ್ಕೆಗಳಲ್ಲಿ 15 (ಸರಾಸರಿ) ಅಥವಾ 30 (ಮೊತ್ತ) ಕಂಡರೆ ಲೆಕ್ಕ ಮಾಡದೆಯೇ ಹೊಡೆದು ಹಾಕಬಹುದು. ತಪ್ಪು ಉತ್ತರಕ್ಕೆ ಕಾಲು ಅಂಕ ಕಳೆಯುವ ಪರೀಕ್ಷೆಗಳಲ್ಲಿ ಇಷ್ಟು ತಿಳಿದಿದ್ದರೆ ದೊಡ್ಡ ಉಪಕಾರ.

ನಡುವೆ ಬಿಟ್ಟುಹೋಗುವವರ ಅಧ್ಯಾಯ ಇಡೀ ಟಿಪ್ಪಣಿಯಲ್ಲೇ ಚೆನ್ನಾಗಿದೆ. ‘3 ದಿನದ ನಂತರ ಎ ಬಿಟ್ಟ’ ಎಂಬುದಕ್ಕೂ ‘ಕೆಲಸ ಮುಗಿಯಲು 3 ದಿನ ಇರುವಾಗ ಬಿಟ್ಟ’ ಎಂಬುದಕ್ಕೂ ಇರುವ ಅಂತರವನ್ನು ಎದುರುಬದುರು ಪುಟದಲ್ಲಿ ಇಟ್ಟಿದ್ದಾರೆ. ನಮ್ಮ ಗಣಪತಿ, ಮಂಜರನ್ನೇ ಇಟ್ಟು ನೋಡಿದರೆ, ಗಣಪತಿ ಬಿಟ್ಟುಹೋಗುವ ಮೊದಲನೆಯದರಲ್ಲಿ 3 ದಿನಕ್ಕೆ 15 ಪಾಲು ಆಯಿತು, ಉಳಿದ 21 ಪಾಲು ಮಂಜನ ತಲೆಗೆ. ಅವನಿಗೆ 10½ ದಿನ, ಒಟ್ಟು 13½. ಎರಡನೆಯದಕ್ಕೆ ಉಪಾಯ ಬೇರೆ. ಗಣಪತಿ ಕೊನೆತನಕ ಇದ್ದ ಎಂದೇ ಎಣಿಸಿ, ಅವನು ತಪ್ಪಿಸಿದ 3 ದಿನದ 9 ಪಾಲನ್ನು 36ಕ್ಕೆ ಸೇರಿಸಿ. 45/5 = 9 ದಿನ. ಒಂದೇ ಪದ ಬದಲಾದರೆ ನಾಲ್ಕೂವರೆ ದಿನ ಆಚೀಚೆ! ಪ್ರಶ್ನೆಯನ್ನು ಅವಸರದಲ್ಲಿ ಓದುವವರು ಬೀಳುವುದು ಇಲ್ಲಿಯೇ.

ಇಬ್ಬರೂ ಸರದಿಯಂತೆ ದಿನ ಬಿಟ್ಟು ದಿನ ಕೆಲಸ ಮಾಡುವ ಲೆಕ್ಕದಲ್ಲಿ ಟಿಪ್ಪಣಿಯೇ ಎಡವಿದೆ. ‘ಒಟ್ಟಿಗೆ ಹಿಡಿಯುವ ದಿನವನ್ನು ಇಮ್ಮಡಿ ಮಾಡಿ’ ಎಂಬ ಸೂತ್ರ ಕೊಟ್ಟಿದೆ. ಹಾಗೆ ಮಾಡಿದರೆ 14⅖ ಬರುತ್ತದೆ, ಅದು ತಪ್ಪು. ಎರಡು ದಿನಕ್ಕೆ 5 ಪಾಲಿನಂತೆ 14 ದಿನಕ್ಕೆ 35 ಪಾಲು; ಉಳಿದದ್ದು 1. ಮೊದಲ ದಿನ ಕೂತವನು ಗಣಪತಿಯಾದರೆ 15ನೇ ದಿನವೂ ಅವನದೇ ಸರದಿ, ಉತ್ತರ 14⅓. ಮಂಜ ಶುರು ಮಾಡಿದ್ದರೆ 14½. ವೇಗ ಬೇರೆ ಬೇರೆ ಇದ್ದಾಗ ಇಮ್ಮಡಿ ಸೂತ್ರ ಸರಿಹೋಗುವುದು ಕೊನೆಯ ಸುತ್ತು ಪೂರ್ತಿ ಮುಗಿದರೆ ಮಾತ್ರ.

ತೊಟ್ಟಿ, ಕೊಳಾಯಿ ಲೆಕ್ಕಗಳು ಚುಟುಕಾಗಿವೆ, ಅಷ್ಟು ಸಾಕು. ಉತ್ತರ ಪಟ್ಟಿಯಲ್ಲಿ ಒಂದನ್ನು ತಿದ್ದಿಕೊಳ್ಳಿ: 6 ಗಂಟೆಯಲ್ಲಿ ತುಂಬುವ ಟ್ಯಾಂಕು ಸೋರಿಕೆಯಿಂದ 8 ಗಂಟೆ ತೆಗೆದುಕೊಂಡರೆ, ತುಂಬಿದ ಟ್ಯಾಂಕು ಸೋರಿ ಖಾಲಿಯಾಗಲು 1/6 − 1/8 = 1/24, ಅಂದರೆ 24 ಗಂಟೆ. ಅಲ್ಲಿ 14 ಎಂದು ಅಚ್ಚಾಗಿದೆ. ಯಾರೋ 6ಕ್ಕೆ 8 ಕೂಡಿಸಿದ್ದಾರೆ. ಸಮಯಗಳನ್ನು ಕೂಡಿಸಬಾರದು, ವೇಗಗಳನ್ನು ಕೂಡಿಸಬೇಕು ಎಂಬುದು ಹಳೆಯ ಪಾಠ. 12ನೇ ಶತಮಾನದಲ್ಲೇ ಭಾಸ್ಕರಾಚಾರ್ಯರು ಒಂದು ಕೊಳವನ್ನು 1, ½, ⅓, ⅙ ದಿನದಲ್ಲಿ ತುಂಬುವ ನಾಲ್ಕು ಝರಿಗಳ ಲೆಕ್ಕ ಕೊಟ್ಟಿದ್ದಾರೆ. ತಿರುಗಿಸಿ ಕೂಡಿಸಿ: 1 + 2 + 3 + 6 = 12. ಉತ್ತರ ದಿನದ ಹನ್ನೆರಡನೇ ಒಂದು ಭಾಗ.

ಇನ್ನು ಎಸ್ಸೆಸ್ಸೆಲ್ಸಿ ಮಕ್ಕಳ ವಿಷಯ. ಎರಡು ಪಂಪು ಕೂಡಿ ಒಂದು ಟ್ಯಾಂಕನ್ನು 12 ಗಂಟೆಯಲ್ಲಿ ತುಂಬಿಸುತ್ತವೆ, ದೊಡ್ಡದಕ್ಕೆ ಚಿಕ್ಕದಕ್ಕಿಂತ 10 ಗಂಟೆ ಕಡಿಮೆ ಸಾಕು. ಬೇರೆ ಬೇರೆಯಾಗಿ ಎಷ್ಟು? ಇಲ್ಲಿ ಲ.ಸಾ.ಅ. ತೆಗೆಯಲು ಸಂಖ್ಯೆಗಳೇ ಇಲ್ಲ. ಟಿಪ್ಪಣಿ ‘ಆಯ್ಕೆಗಳನ್ನು ಹಾಕಿ ನೋಡಿ’ ಎನ್ನುತ್ತದೆ. ಹಂತಹಂತವಾಗಿ ಬಿಡಿಸಬೇಕಾದ ಪ್ರಶ್ನೆಗೆ ಆಯ್ಕೆ ಎಲ್ಲಿಂದ ತರುವುದು? ಚಿಕ್ಕ ಪಂಪಿಗೆ ಎಕ್ಸ್ ಗಂಟೆ ಎಂದರೆ 1/ಎಕ್ಸ್ + 1/(ಎಕ್ಸ್ − 10) = 1/12. ಬಿಡಿಸಿದರೆ ಎಕ್ಸ್² − 34 ಎಕ್ಸ್ + 120 = 0. ಮೂಲಗಳು 30 ಮತ್ತು 4. ನಾಲ್ಕನ್ನು ಹಿಡಿದರೆ ದೊಡ್ಡ ಪಂಪಿನ ಸಮಯ −6 ಆಗುತ್ತದೆ, ಆದ್ದರಿಂದ ಅದನ್ನು ಬಿಡಬೇಕು, ಏಕೆ ಬಿಟ್ಟೆವೆಂದು ಬರೆಯಬೇಕು. ಉತ್ತರ 30 ಮತ್ತು 20 ಗಂಟೆ.

ಇದಕ್ಕಿಂತ ಕೆಟ್ಟದ್ದು ಎರಡು ಅವ್ಯಕ್ತಗಳ ಪುಟ. 2 ಪಳಗಿದ ಆಳು, 3 ಹೊಸ ಆಳು ಸೇರಿ 10 ದಿನ. 3 ಪಳಗಿದವರು, 2 ಹೊಸಬರು ಸೇರಿ 8 ದಿನ. ಟಿಪ್ಪಣಿ ‘ಎಕ್ಸ್ = ಒಬ್ಬ ಪಳಗಿದ ಆಳಿಗೆ ಬೇಕಾದ ದಿನ’ ಎಂದು ಶುರುಮಾಡಿ, ಮರುಸಾಲಿನಲ್ಲೇ 2 ಎಕ್ಸ್ + 3 ವೈ = 1/10 ಎಂದು ಬರೆದಿದೆ. ಈ ಸಮೀಕರಣದಲ್ಲಿ ಎಕ್ಸ್ ದಿನಗಳಾಗಿರಲು ಸಾಧ್ಯವೇ ಇಲ್ಲ. ಅದು ಒಬ್ಬ ಪಳಗಿದ ಆಳು ಒಂದು ದಿನದಲ್ಲಿ ಮಾಡುವ ಕೆಲಸ; ವೈ ಹೊಸ ಆಳಿನದು. ಎರಡನೆಯ ಸಮೀಕರಣ 3 ಎಕ್ಸ್ + 2 ವೈ = 1/8. ಎರಡೂ ಸಮೀಕರಣ ಕೂಡಿಸಿ 5ರಿಂದ ಭಾಗಿಸಿದರೆ ಎಕ್ಸ್ + ವೈ = 9/200; ಎರಡನೆಯದರಿಂದ ಮೊದಲನೆಯದನ್ನು ಕಳೆದರೆ ಎಕ್ಸ್ − ವೈ = 1/40. ಎಕ್ಸ್ = 7/200, ವೈ = 1/100. ದಿನ ಬೇಕೆಂದರೆ ಕೊನೆಯಲ್ಲಿ ತಿರುಗಿಸಿ: ಹೊಸಬನೊಬ್ಬನಿಗೇ 100 ದಿನ, ಪಳಗಿದವನಿಗೆ 200/7, ಇಪ್ಪತ್ತೆಂಟೂವರೆ ದಿನಕ್ಕೆ ತುಸು ಹೆಚ್ಚು.

ಶಿರಸಿ ಕಡೆಯ ಅಂಗಳದಲ್ಲಿ ಯಾರೂ ‘ಈ ರಾಶಿ ನನಗೆ 12 ದಿನ’ ಎನ್ನುವುದಿಲ್ಲ. ದಿನಕ್ಕೆ ಎಷ್ಟು ಕಿಲೋ ಸುಲಿಯುತ್ತೀ ಎಂದೇ ಕೇಳುತ್ತಾರೆ, ಕೂಲಿಯೂ ಕಿಲೋ ಲೆಕ್ಕದ್ದೇ. ವೇಗದ ಮಾತು ಮಕ್ಕಳಿಗೆ ಮನೆಯಲ್ಲೇ ಗೊತ್ತು. ಅದನ್ನು ಬಿಟ್ಟು ಟಿಪ್ಪಣಿ ಮೊದಲಿನಿಂದ ಕೊನೆಯವರೆಗೆ ‘ಎ, ಬಿ, ಸಿ’ಗಳಿಂದಲೇ ಗೋಡೆ ಕಟ್ಟಿಸುತ್ತದೆ. ಕಿಲೋದಿಂದ ಶುರುಮಾಡಿದ್ದರೆ ಎಕ್ಸ್ ದಿನವೋ ಕೆಲಸವೋ ಎಂಬ ಗೊಂದಲ ಹುಟ್ಟುತ್ತಿರಲಿಲ್ಲ.

ಅಚ್ಚಿನ ಬಗ್ಗೆ ಒಂದು ಎಚ್ಚರಿಕೆ. ಮಿಶ್ರ ಭಿನ್ನರಾಶಿಗಳಲ್ಲಿ ನಡುವೆ ಜಾಗ ಬಿಟ್ಟಿಲ್ಲ. ಏಳು ಪೂರ್ಣಾಂಕ ಐದನೇ ಒಂದು ಎಂಬುದು ‘71/5’ ಎಂದು ಕಾಣುತ್ತದೆ. ಝೆರಾಕ್ಸಿನ ಝೆರಾಕ್ಸ್ ಆದ ಪ್ರತಿಗಳಲ್ಲಿ ಭಾಗಾಕಾರದ ಗೆರೆಯೂ ಮಾಸಿರುತ್ತದೆ. ಅಂಗಡಿಯಲ್ಲೇ ಕೊನೆಯ ಉತ್ತರ ಪಟ್ಟಿ ತೆರೆದು, ಗೆರೆಗಳು ಸ್ಪಷ್ಟವಾಗಿರುವ ಪ್ರತಿಯನ್ನೇ ಆರಿಸಿಕೊಳ್ಳಿ.