ನದಿ ದಂಡೆಯ ಮನೆ ಕೆಲಸ: ಬಟ್ಟೆ ಬೇಲಿಯೋ, ಹೂಳುಗುಂಡಿಯೋ?

ಉತ್ತರ ಕನ್ನಡದ ಅಘನಾಶಿನಿ ದಂಡೆಯಲ್ಲಿ ಮನೆ ಕಟ್ಟುವವರು, ಅಗೆದ ಮಣ್ಣು ಮಳೆನೀರಿನೊಡನೆ ನದಿಗೆ ಹೋಗದಂತೆ ಬಟ್ಟೆ ಬೇಲಿ ಹಾಕಬೇಕೋ, ಹೂಳು ತಂಗುವ ಗುಂಡಿ ತೋಡಬೇಕೋ ಎಂಬುದನ್ನು ಮಳೆಗಾಲಕ್ಕೆ ಮೊದಲೇ ತೀರ್ಮಾನಿಸಬೇಕು. ಇಳಿಜಾರು ಕಡಿಮೆಯಿರುವ ಐದಾರು ಗುಂಟೆಗೆ ಜಿಯೋಟೆಕ್ಸ್‌ಟೈಲ್ (ನೀರು ಬಿಟ್ಟು ಮಣ್ಣು ತಡೆಯುವ ಬಟ್ಟೆ) ಬೇಲಿ ಸಾಕು, ಖರ್ಚೂ ಕಡಿಮೆ. ಎರಡು ಮೀಟರಿಗೊಂದು ಗೂಟ; ಬಟ್ಟೆಯ ಬುಡ 15 ಸೆಂ.ಮೀ. ಮಣ್ಣಿನೊಳಗೆ. ಬುಡ ಹೂಳದೆ ಬರೀ ಕಲ್ಲು ಹೇರಿದರೆ ಮೊದಲ ಜೋರು ಮಳೆಗೇ ಕೆಂಪು ನೀರು ಅಡಿಯಿಂದ ನುಗ್ಗುತ್ತದೆ. ಹಳ್ಳಕ್ಕೆ ಅಡ್ಡ ಕಟ್ಟಿದರಂತೂ ಬೇಲಿಯೇ ಕೊಚ್ಚಿಹೋಗುತ್ತದೆ. ಎತ್ತರದ ಮೂರನೇ ಒಂದು ಭಾಗ ಹೂಳು ತುಂಬಿದರೆ ತೆಗೆಯಿರಿ; ತೆಗೆದದ್ದನ್ನು ಪಕ್ಕದ ಗಜನಿಗೆ (ಉಪ್ಪುನೀರು ಬರುವ ತಗ್ಗು ಗದ್ದೆಗೆ) ಸುರಿಯುವವರೂ ಇದ್ದಾರೆ, ಆಗ ಬೇಲಿ ಹಾಕಿ ಏನು ಬಂತು?

ಗುಡ್ಡ ಕಡಿದು ಲೇಔಟ್ ಮಾಡುವಲ್ಲಿ ಗುಂಡಿಯೇ ಬೇಕು. ಅಗಲದ ಎರಡು ಪಟ್ಟಾದರೂ ಉದ್ದ, ನೀರು ಹೊರಬೀಳುವಲ್ಲಿ ಕಲ್ಲುಹಾಸು. ಆದರೂ ಜೇಡಿಯ ನುಣುಪು ಕಣ ಬೇಗ ತಳಕ್ಕಿಳಿಯದು. ಅಳಿವೆಗಿಳಿದು ಬಳಚಿನ (ತಿನ್ನುವ ಚಿಪ್ಪುಜೀವಿಯ) ಮೇಲೆ ಕೂರುತ್ತದೆ. ಹಾಗಾಗಿ ಯಾವುದನ್ನೇ ಆರಿಸಿದರೂ ಹೂಳು ಹಿಡಿದಿಡುವ ದಂಡೆಯ ಕಾಂಡ್ಲಾ ಗಿಡ (ಮ್ಯಾಂಗ್ರೋವ್) ಮುಟ್ಟಬೇಡಿ.