144 ಬಿಲ್ಲೆಗಳ ಆಮೆ: ಒಬ್ಬರೇ ಆಡುವ ಮಾಜಾಂಗ್

ಮೇ ತಿಂಗಳಲ್ಲಿ ಕಲಬುರಗಿಯ ಮಧ್ಯಾಹ್ನ ಹೊರಗೆ ಕಾಲಿಡಲು ಬಿಡುವುದಿಲ್ಲ. ಈ ಬೇಸಿಗೆಯ ಅಂಥ ಮಧ್ಯಾಹ್ನಗಳನ್ನು ನಾನು ಮತ್ತು ಅವ್ವ ಕೂಲರಿನ ಮುಂದೆ ಕುಳಿತು, ಬ್ರೌಸರಿನಲ್ಲಿ ಒಂದು ತಾಣದಲ್ಲಿ ಉಚಿತವಾಗಿ ಸಿಗುವ ಒಂಟಿ ಮಾಜಾಂಗ್ ಎಂಬ ಬಿಲ್ಲೆಯಾಟ ಆಡುತ್ತ ಕಳೆದೆವು. ಎರಡು ತಿಂಗಳು ಹೆಚ್ಚುಕಡಿಮೆ ದಿನವೂ ಆಡಿರುವುದರಿಂದ ಅದರ ಗುಣವನ್ನೂ ದೋಷವನ್ನೂ ಧೈರ್ಯವಾಗಿ ಹೇಳಬಲ್ಲೆ.

ಆಟದ ನಿಯಮ ಚಿಕ್ಕದು. ಒಟ್ಟು 144 ಬಿಲ್ಲೆಗಳು ಆಮೆಯ ಆಕಾರದಲ್ಲಿ ಐದು ಅಂತಸ್ತಾಗಿ ಕುಳಿತಿರುತ್ತವೆ: ತಳದಲ್ಲಿ 87, ಅದರ ಮೇಲೆ 36, ಮತ್ತೆ 16, ಆಮೇಲೆ 4, ನೆತ್ತಿಯ ಮೇಲೆ ಒಂದೇ ಒಂದು. ಮೇಲೆ ಏನೂ ಇಲ್ಲದ, ಎಡ ಅಥವಾ ಬಲ ಮಗ್ಗುಲು ಖಾಲಿ ಇರುವ ಬಿಲ್ಲೆಗಳಲ್ಲಿ ಒಂದೇ ಚಿತ್ರದ ಎರಡನ್ನು ಹುಡುಕಿ ತೆಗೆಯುತ್ತ ಹೋಗಬೇಕು. ಚಕ್ರ, ಬಿದಿರು, ಅಕ್ಷರ ಎಂಬ ಮೂರು ಬಗೆಗಳಲ್ಲಿ ಒಂದರಿಂದ ಒಂಬತ್ತರವರೆಗೆ ತಲಾ ನಾಲ್ಕು ಬಿಲ್ಲೆಗಳಿದ್ದು, ಅವಲ್ಲದೆ ನಾಲ್ಕು ದಿಕ್ಕಿನ ಗಾಳಿಗಳು, ಮೂರು ಬಗೆಯ ಡ್ರ್ಯಾಗನ್‌ಗಳು, ನಾಲ್ಕು ಹೂಗಳು, ನಾಲ್ಕು ಋತುಗಳೂ ಇರುತ್ತವೆ. ಹೂಗಳ ಚಿತ್ರ ಬೇರೆ ಬೇರೆಯಾದರೂ ಯಾವ ಹೂವಿಗೆ ಯಾವ ಹೂವಾದರೂ ಜೋಡಿಯೇ. ಋತುಗಳಿಗೂ ಅದೇ ನಿಯಮ.

ನಾನು ಈ ತಾಣವನ್ನು ಮೆಚ್ಚಲು ಮುಖ್ಯ ಕಾರಣ ಅದು ಬಿಲ್ಲೆ ಹೂಡುವ ರೀತಿ. ಬಿಲ್ಲೆಗಳನ್ನು ಸುಮ್ಮನೆ ಕಲಸಿ ಇಟ್ಟರೆ ಎಷ್ಟೇ ಜಾಣ್ಮೆಯಿಂದ ಆಡಿದರೂ ಬಿಡಿಸಲಾಗದ ಆಟಗಳು ಬಂದೇ ಬರುತ್ತವೆ. ಇಲ್ಲಿ ಹಾಗಲ್ಲ, ಆಟವನ್ನು ಕೊನೆಯಿಂದ ಮೊದಲಿಗೆ ಆಡಿದಂತೆ, ಜೋಡಿ ಜೋಡಿಯಾಗಿಯೇ ಬಿಲ್ಲೆಗಳನ್ನು ಇಡುತ್ತ ಬರುವುದರಿಂದ ಒಂದಾದರೂ ದಾರಿ ಇದ್ದೇ ಇರುತ್ತದೆ. ಸೋತರೆ ತಪ್ಪು ನಮ್ಮದೇ ಎಂಬ ಈ ಖಾತ್ರಿ ಇಲ್ಲದಿದ್ದರೆ ನಾನು ಒಂದೇ ವಾರದಲ್ಲಿ ಆಟ ಬಿಟ್ಟುಬಿಡುತ್ತಿದ್ದೆ. ಒಮ್ಮೆ ಬಿದಿರು ಬಗೆಯ ಐದರ ಮೂರು ಬಿಲ್ಲೆಗಳು ಏಕಕಾಲಕ್ಕೆ ತೆರೆದಿದ್ದವು. ಕೈಗೆ ಮೊದಲು ಸಿಕ್ಕ ಎರಡನ್ನು ಅವಸರದಲ್ಲಿ ತೆಗೆದೆ; ನಾಲ್ಕನೆಯದು ಉಳಿದ ಮೂರನೆಯದರ ನೇರ ಅಡಿಯಲ್ಲಿತ್ತು. ಒಂದರ ಮೇಲೊಂದು ಕುಳಿತ ಆ ಜೋಡಿಯನ್ನು ಬಿಡಿಸುವ ಉಪಾಯವೇ ಇರಲಿಲ್ಲ. ಅಂದಿನಿಂದ ಮೂರು ಕಂಡಾಗಲೆಲ್ಲ ಕೈ ತಡೆದು, ಎತ್ತರದ ರಾಶಿಯನ್ನೂ ಉದ್ದದ ಸಾಲನ್ನೂ ಯಾವ ಜೋಡಿ ಸಡಿಲಿಸುತ್ತದೆ ಎಂದು ನೋಡಿಯೇ ಮುಂದುವರಿಯುತ್ತೇನೆ. ನೆತ್ತಿಯ ಒಂಟಿ ಬಿಲ್ಲೆ ತನ್ನಡಿಯ ನಾಲ್ಕನ್ನು ಒಟ್ಟಿಗೇ ಕಟ್ಟಿಹಾಕಿರುತ್ತದಾದ್ದರಿಂದ ಅದರ ಜೊತೆಗಾರನನ್ನು ಬೇರೆ ಕಡೆ ಖರ್ಚು ಮಾಡದಿರುವುದು ಒಳ್ಳೆಯದು.

ಅಕ್ಷರದ ಬಿಲ್ಲೆಗಳ ವಿಷಯದಲ್ಲಿ ನನಗಿಂತ ಅವ್ವನ ಕಣ್ಣು ಚುರುಕು. ಜೀವಮಾನವಿಡೀ ಮೊರದಲ್ಲಿ ತೊಗರಿಬೇಳೆ ಹರವಿ ಕಲ್ಲು ಆರಿಸಿದ ಕಣ್ಣದು. ಚೀನೀ ಅಂಕಿಗಳಲ್ಲಿ ಒಂದು, ಎರಡು, ಮೂರು ಬರೀ ಅಡ್ಡಗೆರೆಗಳಾದ್ದರಿಂದ ಯಾರಿಗೂ ತಿಳಿಯುತ್ತವೆ. ಆದರೆ ಆರು ಮತ್ತು ಎಂಟನ್ನು ನಾನು ಪದೇ ಪದೇ ಒಂದೇ ಎಂದು ಒತ್ತುತ್ತಿದ್ದೆ. ‘ಇದಕ್ಕ ತಲಿ ಅದ, ಅದಕ್ಕ ಬರೇ ಕಾಲ ಅವ, ನೋಡಪ್ಪಾ’ ಎಂದು ಅವ್ವ ತೋರಿಸಿದ ಮೇಲೆ ತಪ್ಪಲಿಲ್ಲ. ಬಿದಿರು ಬಗೆಯ ಒಂದರ ಬಿಲ್ಲೆಯಲ್ಲಿ ಬಿದಿರಿನ ಬದಲು ಹಕ್ಕಿಯ ಚಿತ್ರವಿರುತ್ತದೆ; ಅವ್ವನಿಗೆ ಅದು ನವಿಲು. ಬಿಲ್ಲೆಯ ಮೂಲೆಯಲ್ಲಿ ಸಣ್ಣ ಅಂಕಿ ತೋರಿಸುವ ಅನುಕೂಲ ಸೆಟ್ಟಿಂಗ್ಸ್‌ನಲ್ಲಿ ಅಡಗಿ ಕುಳಿತಿದೆ. ಹೊಸಬರಿಗೆ ಬೇಕಾದ ಅದನ್ನು ಮೊದಲೇ ತೆರೆದಿಡಬೇಕಿತ್ತು.

ನನಗೆ ನಿಜಕ್ಕೂ ಬೇಸರವಾದದ್ದು ತಾಣದ ಪರಿಚಯದ ಸಾಲುಗಳಿಂದ. ಇದು ಸಾವಿರಾರು ವರ್ಷಗಳ ಪುರಾತನ ಆಟವೆಂದು ಅಲ್ಲಿ ಬರೆದಿದ್ದಾರೆ. ಮೂಲ ಮಾಜಾಂಗ್ 19ನೇ ಶತಮಾನದ ಚೀನಾದಲ್ಲಿ ರೂಪುಗೊಂಡದ್ದು; ನಾಲ್ವರು ಕುಳಿತು, ನಮ್ಮ ರಮ್ಮಿಯಂತೆ ಬಿಲ್ಲೆ ಎತ್ತಿ, ಬೇಡದ್ದನ್ನು ಬಿಟ್ಟು ಗುಂಪು ಕೂಡಿಸುವ ಆಟ ಅದು. ಜೋಡಿ ತೆಗೆಯುವ ಈ ಒಂಟಿ ಆಟವನ್ನು ಕಂಪ್ಯೂಟರಿಗೆ ತಂದವರು ಅಮೆರಿಕದ ಬ್ರೋಡಿ ಲೊಕಾರ್ಡ್. ಅಪಘಾತದಲ್ಲಿ ಕೈಕಾಲುಗಳ ಸ್ವಾಧೀನ ಕಳೆದುಕೊಂಡಿದ್ದ ಅವರು 1981ರಲ್ಲಿ ಇದನ್ನು ಪ್ಲೇಟೋ ಎಂಬ ಕಂಪ್ಯೂಟರ್ ಜಾಲಕ್ಕಾಗಿ ರಚಿಸಿದರು. 1986ರಲ್ಲಿ ಆಕ್ಟಿವಿಷನ್ ಕಂಪನಿಯ ಮೂಲಕ ಅದು ‘ಶಾಂಘೈ’ ಎಂಬ ಹೆಸರಿನಲ್ಲಿ ಮನೆಮನೆಗೆ ಬಂತು. ಇಂಥ ಛಲದ ಮನುಷ್ಯನ ಹೆಸರನ್ನು ಬಿಟ್ಟು ಸುಳ್ಳು ಪುರಾಣ ಹೇಳುವುದು ತಪ್ಪು.

ಉಳಿದ ಕೊರತೆಗಳು ಸಣ್ಣವು. ಒಂದಾಟಕ್ಕೂ ಇನ್ನೊಂದಕ್ಕೂ ನಡುವೆ ಜಾಹೀರಾತು ಬರುತ್ತದೆ. ಕರೆಂಟು ಹೋಗಿ ವೈಫೈ ನಿಂತರೂ ನಡೆಯುತ್ತಿರುವ ಆಟ ನಿಲ್ಲುವುದಿಲ್ಲ, ಆದರೆ ಆ ಹೊತ್ತಿನಲ್ಲಿ ಪುಟವನ್ನು ಮತ್ತೆ ತೆರೆಯಲು ಹೋದರೆ ಅಲ್ಲಿಯವರೆಗಿನ ಆಟ ಕೈಬಿಟ್ಟಂತೆಯೇ. ಮೊಬೈಲಿನಲ್ಲಿ ಆಡಬೇಡಿ ಎಂದೇ ಹೇಳುತ್ತೇನೆ: ಸಣ್ಣ ಪರದೆಯಲ್ಲಿ ಅಂತಸ್ತುಗಳ ನೆರಳು ಕಾಣದೆ ಮುಚ್ಚಿದ ಬಿಲ್ಲೆಯೂ ತೆರೆದಂತೆ ತೋರುತ್ತದೆ. ಲ್ಯಾಪ್‌ಟಾಪಿನಲ್ಲಿ ತೆರೆದು, ಮೂಲೆಯ ಗಡಿಯಾರವನ್ನು ಮರೆಮಾಡಿ, ಮೂಲೆ ಅಂಕಿಗಳನ್ನು ಹಾಕಿಕೊಂಡು ಆಡಿ. ಅವ್ವ ಮಾತ್ರ ಈಗಲೂ ಆ ಅಂಕಿಗಳನ್ನು ತೆಗೆಸಿಯೇ ಕೂರುತ್ತಾಳೆ.